ಮುಂದೆ ನಿಂತವರು ಹಿಂದಕ್ಕೆ ಓಡಲು ಕಲಿತ ಕಥೆ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ಖೊಖೊ ಆಡಿ ಬೆಳೆದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಆ ಆಟದಲ್ಲಿ ಅಟ್ಟುವ ತಂಡವೇ ಸರದಿ ಬದಲಾದೊಡನೆ ತಪ್ಪಿಸಿಕೊಳ್ಳುವ ತಂಡವೂ ಆಗುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಕುರುಬೂರಿನ ಬಿ. ಚೈತ್ರಾ ಇದ್ದರೆಂಬುದನ್ನು ಇಲ್ಲಿ ಹೆಮ್ಮೆಯಿಂದ ಸೇರಿಸುತ್ತೇನೆ.

ಹಾಕಿಯಲ್ಲಾದರೋ ಸರದಿಯನ್ನು ಯಾರೂ ಘೋಷಿಸುವುದಿಲ್ಲ. ಚೆಂಡು ಕೋಲಿನಿಂದ ಜಾರಿದ ಗಳಿಗೆಯೇ ಸರದಿಯ ಬದಲಾವಣೆ. ಆಗ ಎದುರಾಳಿಯ ಗೋಲಿನ ಬಳಿ ಇರುವ ಫಾರ್ವರ್ಡ್ ಆಟಗಾರನ ಕರ್ತವ್ಯವೇನು? ಹಿಮದ ಹಾಸಿನ ಮೇಲೆ ಆಡುವ ಐಸ್ ಹಾಕಿಯಲ್ಲಿ ಅವನು ಕೂಡಲೇ ಹಿಂದಿರುಗಿ ಓಡಬೇಕು. ಅದಕ್ಕೆ 'ಬ್ಯಾಕ್‌ಚೆಕ್' ಎಂದೇ ಹೆಸರು. ನಮ್ಮ ನೆಲದ ಹಾಕಿ ಈ ಪಾಠವನ್ನು ಬಹಳ ತಡವಾಗಿ ಕಲಿಯಿತು.

ಹಳೆಯ ಪದ್ಧತಿಯಲ್ಲಿ ಐವರು ಫಾರ್ವರ್ಡ್‌ಗಳು, ಮೂವರು ಹಾಫ್‌ಬ್ಯಾಕ್‌ಗಳು, ಇಬ್ಬರು ಬ್ಯಾಕ್‌ಗಳು, ಒಬ್ಬ ಗೋಲ್‌ಕೀಪರ್. ಐವರಲ್ಲಿ ಇಬ್ಬರು 'ಇನ್‌ಸೈಡ್' ಆಟಗಾರರು ಹಿಂದೆ ಮುಂದೆ ಓಡಾಡುತ್ತಿದ್ದರು; ಉಳಿದ ಮೂವರು ಮುಂದೆಯೇ ಚೆಂಡಿಗೆ ಕಾಯುತ್ತಿದ್ದರು. ಹುಲ್ಲಿನ ಮೈದಾನದಲ್ಲಿ ಚೆಂಡಿನ ವೇಗ ಕಡಿಮೆಯಾದುದರಿಂದ ಇದು ನಡೆಯಿತು. ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಆ ಕಾಲದ ಹೆಸರಾಂತ ಫಾರ್ವರ್ಡ್‌ಗಳು. ಗಣೇಶ್ ನಾಯಕತ್ವದ ತಂಡ 1973ರ ವಿಶ್ವಕಪ್ ಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಆರಂಭದಲ್ಲಿಯೇ 2-0 ಮುಂದಿದ್ದು, ಕೊನೆಗೆ 2-2 ಆಗಿ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತಿತು. ಗೋವಿಂದ 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು.

ಮರುವರ್ಷವೇ ನೆಲ ಬದಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು. 1928ರಿಂದ ಒಂದು ಒಲಿಂಪಿಕ್ಸ್‌ನಲ್ಲಿಯೂ ಬರಿಗೈಯಲ್ಲಿ ಮರಳದಿದ್ದ ಭಾರತ ಏಳನೆಯ ಸ್ಥಾನಕ್ಕಿಳಿಯಿತು. ಸೋಲಿಗೆ ಹಾಸೊಂದೇ ಕಾರಣವೆಂದು ನಮ್ಮವರು ಬಹುಕಾಲ ಹೇಳಿಕೊಂಡರು. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಹಾಸು ಚೆಂಡಿಗೆ ವೇಗ ಕೊಟ್ಟಿತು, ನಿಜ. ಆದರೆ ಆ ವೇಗ ಮುಂದೆ ಕಾದು ನಿಲ್ಲುವ ಆಟಗಾರನನ್ನು ಕ್ಷಣಮಾತ್ರದಲ್ಲಿ ನಿರುಪಯುಕ್ತನನ್ನಾಗಿ ಮಾಡಿತು. ಆಫ್‌ಸೈಡ್ ನಿಯಮವು ಮೊದಲು ಪ್ರಯೋಗವಾಗಿ 1996ರಲ್ಲಿ, ಆಮೇಲೆ ಶಾಶ್ವತವಾಗಿ ರದ್ದಾದ ಮೇಲಂತೂ ಎದುರಾಳಿಗಳು ನಮ್ಮ ಗೋಲಿನ ಮುಂದೆಯೇ ಬಂದು ನಿಲ್ಲಬಹುದಾಯಿತು. ಇಬ್ಬರು ಬ್ಯಾಕ್‌ಗಳಿಂದ ಕಾವಲು ಸಾಧ್ಯವೇ?

ಹಿಂದಕ್ಕೆ ಓಡುವುದರಲ್ಲಿಯೂ ಒಂದು ಶಾಸ್ತ್ರವಿದೆ. ಚೆಂಡಿನ ಬೆನ್ನು ಹತ್ತಿ ಓಡುವುದು ಎಳೆಯರ ಆಟ. ಬಲ್ಲವನು ಚೆಂಡಿಗೂ ತನ್ನ ಗೋಲಿಗೂ ನಡುವಿನ ದಾರಿ ಹಿಡಿಯುತ್ತಾನೆ; ಎದುರಾಳಿಯನ್ನು ಮೈದಾನದ ಅಂಚಿಗೆ ತಳ್ಳುತ್ತಾನೆ; ಇನ್ನೊಬ್ಬ ಖಾಲಿ ಬಿದ್ದ ಎದುರಾಳಿಯನ್ನು ಗುರುತಿಸಿ ಅವನ ಬಳಿ ನಿಲ್ಲುತ್ತಾನೆ. ಹಿಂದಿನಿಂದ ಆತುರದಲ್ಲಿ ಕೋಲು ಚಾಚಿದರೆ ಅಪಾಯ ಹೆಚ್ಚು: ತನ್ನ 23 ಮೀಟರ್ ವಲಯದೊಳಗೆ ಬೇಕೆಂದೇ ಮಾಡಿದ ಫೌಲ್‌ಗೆ ದಂಡ ಪೆನಾಲ್ಟಿ ಕಾರ್ನರ್. ಆಗ ಗೋಲ್‌ಕೀಪರ್ ಸೇರಿ ಐವರು ಮಾತ್ರ ಕಾಯಬಹುದು. ಉಳಿದವರು ಚೆಂಡು ಚಲಿಸುವವರೆಗೆ ನಡುಗೆರೆಯ ಆಚೆ ನಿಂತು ನೋಡಬೇಕು. ಫಾರ್ವರ್ಡ್‌ನ ಒಂದು ಆತುರಕ್ಕೆ ತಂಡವೆಲ್ಲ ಬೆಲೆ ತೆರುತ್ತದೆ.

ಸೋಮವಾರಪೇಟೆಯ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಈ ಹೊಸ ಕಾಲದವರು. ಸುನಿಲ್ ಅವರ ಮಿಂಚಿನ ಓಟವನ್ನು ಪತ್ರಿಕೆಗಳು ಗೋಲುಗಳ ಲೆಕ್ಕದೊಡನೆ ಹೊಗಳಿದವು. ಹಿಂದಕ್ಕೆ ಓಡಿ ತಪ್ಪಿಸಿದ ಗೋಲುಗಳಿಗೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. (ಮೂಲೆಯಲ್ಲಿ ಕುಳಿತು ಗೆಳೆಯನಿಗೆ ಲೆಕ್ಕ ಹೇಳಿಕೊಟ್ಟ ವಿದ್ಯಾರ್ಥಿಗೂ ನಾವು ಅಂಕ ಕೊಡಲಿಲ್ಲವಲ್ಲ!)

2024ರ ಆಗಸ್ಟ್ 4ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್. ಎದುರಾಳಿ ಬ್ರಿಟನ್. ಎರಡನೆಯ ಕ್ವಾರ್ಟರ್‌ನ ಆರಂಭದಲ್ಲಿಯೇ ಡಿಫೆಂಡರ್ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರನಡೆದರು. ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಮಂದಿ ಆಡಬೇಕಾಯಿತು. ಹರ್ಮನ್‌ಪ್ರೀತ್ ಸಿಂಗ್ ಗೋಲು ಹೊಡೆದರು, ಬ್ರಿಟನ್ ಸಮಮಾಡಿತು. ಅಲ್ಲಿಂದಾಚೆಗೆ ಭಾರತದ ಫಾರ್ವರ್ಡ್‌ಗಳು ಹೆಚ್ಚಿನ ಹೊತ್ತು ತಮ್ಮ ಅಂಗಳದಲ್ಲಿಯೇ, ಬ್ಯಾಕ್‌ಗಳ ಮುಂದೆ ಗೋಡೆಯಾಗಿ ನಿಂತಿದ್ದರು. 1-1ರಲ್ಲಿ ಆಟ ಮುಗಿಯಿತು; ಶ್ರೀಜೇಶ್ ಗೋಲು ಕಾಯ್ದರು, ಶೂಟೌಟ್‌ನಲ್ಲಿ ಭಾರತ 4-2ರಿಂದ ಗೆದ್ದಿತು. ನಾಲ್ಕು ದಿನಗಳ ಅನಂತರ ಸ್ಪೇನ್ ವಿರುದ್ಧ ಗೆದ್ದು ಕಂಚು ತಂದರು. ಬ್ರಿಟನ್ ಪಂದ್ಯದ ಚಿತ್ರಸುರುಳಿ ಸಿಕ್ಕಿದರೆ ಮತ್ತೊಮ್ಮೆ ನೋಡಿ. ಈ ಬಾರಿ ಚೆಂಡನ್ನು ಬಿಟ್ಟು, ಹಿಂದಕ್ಕೆ ಓಡುವವರನ್ನು.