ಇಸ್ಪೀಟಿನಿಂದ ಹಿಗ್ಸ್ ಕಣದವರೆಗೆ

ಇಲ್ಲದ್ದನ್ನು ಕಲ್ಪಿಸುವುದು ಕತೆಗಾರರ ಕೆಲಸ, ಇದ್ದದ್ದನ್ನು ಅಳೆಯುವುದು ವಿಜ್ಞಾನಿಗಳ ಕೆಲಸ ಎಂದು ನಾವು ನಂಬಿದ್ದೇವೆ. ಕಣ ಭೌತಶಾಸ್ತ್ರದ ಕಳೆದ ಅರ್ಧ ಶತಮಾನದ ಇತಿಹಾಸ ಈ ನಂಬಿಕೆಯನ್ನು ಅಲುಗಾಡಿಸುತ್ತದೆ. ಅಲ್ಲಿ ಕಣಗಳನ್ನು ಗುರುತಿಸುವ ಡಿಟೆಕ್ಟರ್ ಯಂತ್ರ ತಯಾರಾಗುವ ಮೊದಲೇ ಅದರ ಪ್ರತಿರೂಪ ಕಂಪ್ಯೂಟರಿನೊಳಗೆ ಸಿದ್ಧವಾಗಿರುತ್ತದೆ. ನಡೆಯದ ಡಿಕ್ಕಿಗಳು ಅದರೊಳಗೆ ಕೋಟಿಗಟ್ಟಲೆ ನಡೆಯುತ್ತವೆ.

ಇದರ ಬೇರು ಇಸ್ಪೀಟಾಟದಲ್ಲಿದೆ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾ ಉಲಾಮ್ ಒಬ್ಬರೇ ಎಲೆ ಹಾಕುತ್ತಾ, ಆಟ ಗೆಲ್ಲುವ ಸಂಭವವೆಷ್ಟು ಎಂದು ಲೆಕ್ಕ ಹಾಕತೊಡಗಿದರು. ಲೆಕ್ಕ ಬಗೆಹರಿಯಲಿಲ್ಲ. ಅದರ ಬದಲು ನೂರು ಸಲ ಆಡಿ, ಗೆದ್ದದ್ದನ್ನು ಎಣಿಸಿದರೆ ಸಾಲದೇ ಎಂದು ಅವರಿಗೆ ಹೊಳೆಯಿತು. ಜಾನ್ ವಾನ್ ನಾಯ್ಮನ್ ಆ ಉಪಾಯವನ್ನು ನ್ಯೂಟ್ರಾನುಗಳ ಓಡಾಟಕ್ಕೆ ಹೊಂದಿಸಿದರು. ನಿಕೊಲಸ್ ಮೆಟ್ರೊಪೊಲಿಸ್ ಜೂಜಿಗೆ ಹೆಸರಾದ ಊರನ್ನು ನೆನೆದು ಅದಕ್ಕೆ 'ಮಾಂಟೆ ಕಾರ್ಲೊ' ಎಂದು ಹೆಸರಿಟ್ಟರು. 1948ರಲ್ಲಿ ಎನಿಯಾಕ್ ಕಂಪ್ಯೂಟರಿನ ಮೇಲೆ ಅದು ಮೊದಲು ಓಡಿದ್ದು ಅಣ್ವಸ್ತ್ರದ ಲೆಕ್ಕಕ್ಕಾಗಿ. ಈ ಕಹಿಯನ್ನು ನಾವು ಮರೆಮಾಚಬೇಕಿಲ್ಲ.

1974ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 'ಜಿಯಾಂಟ್' ಎಂಬ ತಂತ್ರಾಂಶದ ಮೊದಲ ರೂಪ ಹುಟ್ಟಿತು. ಫ್ರೆಂಚಿನಲ್ಲಿ ಆ ಪದಕ್ಕೆ ದೈತ್ಯ ಎಂಬ ಅರ್ಥವಿದೆ. ಇದರಲ್ಲಿ ಮೊದಲು ಯಂತ್ರದ ಕಬ್ಬಿಣ, ಸಿಲಿಕಾನ್, ಹರಳುಗಳ ಆಕಾರವನ್ನೂ ಜಾಗವನ್ನೂ ಬರೆಯಬೇಕು. ಆಮೇಲೆ ಒಂದು ಕಣವನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಬೇಕು. ಪ್ರತಿ ಹೆಜ್ಜೆಯಲ್ಲೂ ಅದು ದಾಟಿಹೋಗುವುದೋ, ದಿಕ್ಕು ಬದಲಿಸುವುದೋ, ಒಡೆದು ಹತ್ತಾರು ಕಣಗಳಾಗುವುದೋ ಎಂಬುದನ್ನು ಪ್ರಕೃತಿಯ ನಿಯಮಕ್ಕೆ ಒಳಪಟ್ಟ ಒಂದು ಚೀಟಿ ಎತ್ತಿದಂತೆ ಕಂಪ್ಯೂಟರು ತೀರ್ಮಾನಿಸುತ್ತದೆ.

1980ರ ದಶಕದಲ್ಲಿ ಇದರ ಮೂರನೆಯ ಆವೃತ್ತಿ ಫೋರ್ಟ್ರಾನ್ ಭಾಷೆಯಲ್ಲಿ ಮನೆಮಾತಾಯಿತು. ಮುಂದೆ ಬರಲಿದ್ದ ದೊಡ್ಡ ಪ್ರಯೋಗಗಳಿಗೆ ಆ ಹಳೆಯ ಕಟ್ಟಡ ಸಾಲದೆನಿಸಿದಾಗ, ಸರ್ನ್ ಮತ್ತು ಜಪಾನಿನ ಕೆಇಕೆ ಸಂಸ್ಥೆಗಳ ಚಿಂತನೆ ಒಂದಾಗಿ 1994ರಲ್ಲಿ ಹೊಸ ಯೋಜನೆ ಶುರುವಾಯಿತು. ಅನೇಕ ದೇಶಗಳವರು ಸಿ++ ಭಾಷೆಯಲ್ಲಿ ಬರೆದ 'ಜಿಯಾಂಟ್4' 1998ರ ಡಿಸೆಂಬರಿನಲ್ಲಿ ಹೊರಬಂತು.

ಆದರೆ ಕಲ್ಪನೆ ತಪ್ಪಿದರೆ ಶೋಧವೂ ತಪ್ಪುತ್ತದೆ. ಆದ್ದರಿಂದ ಯಂತ್ರದ ತುಣುಕಿನ ಮೇಲೆ ಗೊತ್ತಿರುವ ಕಣಗಳನ್ನು ನಿಜವಾಗಿಯೇ ಹಾಯಿಸಿ, ಕಂಪ್ಯೂಟರಿನ ಉತ್ತರದೊಂದಿಗೆ ಹೋಲಿಸುತ್ತಾರೆ. ಹೊಂದದಿದ್ದರೆ ತಿದ್ದಬೇಕಾದದ್ದು ಕಲ್ಪನೆಯನ್ನೇ ಹೊರತು ಪ್ರಯೋಗವನ್ನಲ್ಲ. 2012ರ ಜುಲೈ 4ರಂದು ಹಿಗ್ಸ್ ಎಂದು ಮುಂದೆ ಗುರುತಿಸಲ್ಪಟ್ಟ ಹೊಸ ಕಣವನ್ನು ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಸಾರಿದವು. ಆ ಕಣ ಇದ್ದರೆ ಅದರ ಹೆಜ್ಜೆಗುರುತು ಹೇಗೆ ಕಾಣಬೇಕು, ಅದರಂತೆ ಕಂಡು ಮೋಸ ಮಾಡುವ ಗುರುತುಗಳು ಯಾವುವು ಎಂಬುದನ್ನು ತಿಳಿಯಲು ಈ ತಂತ್ರಾಂಶವೂ ಅವರಿಗೆ ನೆರವಾಗಿತ್ತು.

ನಮ್ಮ ಕತೆಗಳನ್ನು ಯಾರೂ ಹೀಗೆ ಒರೆಗೆ ಹಚ್ಚುವುದಿಲ್ಲ. ಜಿಯಾಂಟ್4ರ ಒಂದೊಂದು ಸಾಲೂ ಯಾರು ಬೇಕಾದರೂ ಓದಿ ತಪ್ಪು ಹುಡುಕಲು ತೆರೆದಿದೆ. ಪ್ರೋಟಾನ್ ಚಿಕಿತ್ಸೆಯಲ್ಲಿ ಕ್ಯಾನ್ಸರ್ ಗೆಡ್ಡೆಗೆ ಎಷ್ಟು ವಿಕಿರಣ ಸೇರುತ್ತದೆ, ಪಕ್ಕದ ಆರೋಗ್ಯವಂತ ಅಂಗಕ್ಕೆ ಎಷ್ಟು ತಗಲುತ್ತದೆ ಎಂಬ ಅಧ್ಯಯನಕ್ಕೂ ಅದನ್ನು ಬಳಸುತ್ತಾರೆ. ಅಸ್ತ್ರಕ್ಕಾಗಿ ಕಲಿತ ಲೆಕ್ಕ ಹೀಗೆ ರೋಗಿಯ ಹಾಸಿಗೆಯ ಬಳಿಗೂ ಬಂದಿದೆ.