ಕೋಟೆಯೊಳಗೊಂದು ಕೋಟೆ

1824ರ ಅಕ್ಟೋಬರ್ 23ರಂದು ಥ್ಯಾಕರೆಯ ಪಡೆಯನ್ನು ಮುರಿದ ಕಿತ್ತೂರಿನ ಕೋಟೆ, ಡಿಸೆಂಬರಿನಲ್ಲಿ ಇಂಗ್ಲಿಷರ ತೋಪುಗಳಿಗೆ ಮಣಿಯಿತು. ಹೊರಗೋಡೆಯೊಂದನ್ನೇ ನಂಬಲಾಗದೆಂಬ ಆ ಪಾಠ, ಇಂದು ಅದೇ ಊರಿನ ಹೆದ್ದಾರಿಯಲ್ಲಿ ಓಡುವ ಹಳೆಯ ಕಾರಿಗೂ ಸಲ್ಲುತ್ತದೆ.

ರ‍್ಯಾಲಿಯಲ್ಲಿ ಕಾರು ಉರುಳಿದರೆ ತಗಡಿನ ಛಾವಣಿ ಕುಸಿಯುತ್ತದೆ. ಒಳಗಿನ ಉಕ್ಕಿನ ಪಂಜರವೇ ಕುಳಿತವರ ಜೀವ ಕಾಯುವುದು. ಅಂತಾರಾಷ್ಟ್ರೀಯ ನಿಯಮವೊಪ್ಪುವ ಮುಖ್ಯ ಕಮಾನಿನ ಕೊಳವೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ್ದು. ಅದರ ಕಾಲಡಿ ಅಗಲವಾದ ಫಲಕವಿಲ್ಲದಿದ್ದರೆ ತುಕ್ಕು ತಿಂದ ತಳವನ್ನೇ ಅದು ತೂತುಮಾಡೀತು. ಶಿರಸ್ತ್ರಾಣವಿಲ್ಲದೆ ಊರೊಳಗೆ ಓಡಿಸುವವನ ತಲೆಗಂತೂ ಆ ಕೊಳವೆಯೇ ಶತ್ರು.

ಇತ್ತ 2021ರ ಕೇಂದ್ರ ನಿಯಮವೋ, ಐವತ್ತು ವರ್ಷ ಮೀರಿದ ಕಾರು ಪುರಾತನವೆನಿಸಬೇಕಾದರೆ ಮೂಲರೂಪ ಕೆಡಬಾರದೆನ್ನುತ್ತದೆ. ಚರಿತ್ರೆಯ ಸಾಕ್ಷಿಯೋ, ಪಂದ್ಯದ ಕುದುರೆಯೋ? ಗರಗಸ ಕೈಗೆತ್ತಿಕೊಳ್ಳುವ ಮುನ್ನವೇ ಒಡೆಯನು ನಿರ್ಧರಿಸಬೇಕು.