ಹೊಚ್ಚಹೊಸತು, ಕಾಫಿ ಗೀಫಿ: ಕನ್ನಡ ದ್ವಿರುಕ್ತಿಯ ಎರಡು ಗತಿ

ಮಲಯ ಭಾಷೆಯಲ್ಲಿ ‘ಓರಾಂಗ್’ ಎಂದರೆ ಮನುಷ್ಯ. ಅದನ್ನೇ ಇಮ್ಮಡಿಸಿದರೆ ಜನರು. ಬರೆಯುವಾಗ ಪದದ ಮುಂದೆ 2 ಎಂಬ ಅಂಕಿಯನ್ನಿಟ್ಟು ಮುಗಿಸುತ್ತಿದ್ದ ರೂಢಿಯನ್ನು 1972ರ ಕಾಗುಣಿತ ಸುಧಾರಣೆ ಕೈಬಿಟ್ಟಿತು. ಬಹುವಚನಕ್ಕೆ ಪ್ರತ್ಯಯಗಳಿರುವ ಕನ್ನಡದಲ್ಲಿ ದ್ವಿರುಕ್ತಿಯ ಕೆಲಸವೇ ಬೇರೆ. ‘ಮನೆಮನೆ’ ಎಂದರೆ ಹಲವು ಮನೆಗಳಷ್ಟೇ ಅಲ್ಲ, ಒಂದನ್ನೂ ಬಿಡದೆ ಪ್ರತಿ ಮನೆ. ಪಾಣಿನಿ ವೀಪ್ಸೆ ಎಂದದ್ದು ಇದನ್ನೇ.

ಕುತೂಹಲಕರವಾದವು ಕಟ್ಟಕಡೆ, ತುತ್ತತುದಿ, ನಟ್ಟನಡು, ಮೊತ್ತಮೊದಲು ಎಂಬ ರೂಪಗಳು. ಇಲ್ಲಿ ಮೊದಲ ಪದ ಕುಗ್ಗಿ, ವ್ಯಂಜನ ಇಮ್ಮಡಿಸಿ, ಅತಿಶಯಾರ್ಥ ತಳೆದಿದೆ. ‘ಪ’ಕಾರ ‘ಹ’ಕಾರವಾದಾಗ ‘ಪೊಚ್ಚಪೊಸ’ದ ಎರಡೂ ಅವಯವಗಳು ಒಟ್ಟಿಗೇ ಬದಲಾಗಿ ‘ಹೊಚ್ಚಹೊಸ’ವಾಯಿತು, ಆ ಬಂಧ ಅಷ್ಟು ಗಟ್ಟಿ. ಆದರೆ ಈ ಅಚ್ಚಿನಲ್ಲಿ ಇಂದು ಯಾರೂ ಹೊಸ ಪದವನ್ನು ಎರಕ ಹೊಯ್ಯುವುದಿಲ್ಲ. ‘ಕಟ್ಟಕಡೆ’ಯನ್ನು ಬಲ್ಲ ನಾಲಗೆ ‘ಬಸ್ಸಿ’ಗೆ ಅಂಥದೊಂದು ರೂಪ ಕೊಡಲಾರದು.

ಅದೇ ನಾಲಗೆ ‘ಬಸ್ಸು ಗಿಸ್ಸು’ ಎನ್ನಲು ಕ್ಷಣವೂ ತಡೆಯದು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಾಗಲಿ ಬೆಂಗಳೂರಿನಲ್ಲಾಗಲಿ, ನಿನ್ನೆ ಬಂದ ಇಂಗ್ಲಿಷ್ ಪದವೂ ಈ ‘ಗಿ’ಕಾರಕ್ಕೆ ಒಗ್ಗುತ್ತದೆ. ಸ್ವರ ದೀರ್ಘವಾಗಿದ್ದರೆ ‘ಗೀ’: ಕಾಫಿ ಗೀಫಿ, ಮಾತು ಗೀತು. ತಮಿಳು, ತೆಲುಗುಗಳಲ್ಲೂ ಇದರ ಒಡಹುಟ್ಟುಗಳಿವೆ. ಹಿಂದಿಯಲ್ಲಿ ‘ಪಾನೀ ವಾನೀ’.

ಶಾಲಾ ವ್ಯಾಕರಣಗಳು ಇದನ್ನು ಜೋಡುನುಡಿಗೆ ಸೇರಿಸಿ, ಎರಡನೆಯ ಪದಕ್ಕೆ ಅರ್ಥವಿಲ್ಲವೆಂದು ಮುಂದೆ ಸಾಗುತ್ತವೆ. ಒಪ್ಪುವುದು ಕಷ್ಟ. ‘ಕಾಫಿ ಕುಡೀತೀರಾ?’ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬೆರಡೇ ಉತ್ತರ. ‘ಕಾಫಿ ಗೀಫಿ ಕುಡೀತೀರಾ?’ ಎಂದಾಗ ಮಜ್ಜಿಗೆಯನ್ನೂ ಕೇಳಬಹುದು.